ಅಲಸಂದೆ ಹುಳದ ಹಿಂಗಾಲು

ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಮುಂಗಾರಿಗೆ ಮುಂಚಿನ ಮಳೆಗೆ ಅಲಸಂದೆ, ಹೆಸರು ಬಿತ್ತಿ, ಅದು ಕೈಗೆ ಬಂದ ಮೇಲೆ ರಾಗಿಗೆ ಹೊಲ ಹದ ಮಾಡುತ್ತಾರೆ. ಆ ಅಲಸಂದೆಯನ್ನು ಡಬ್ಬಿಯಲ್ಲಿ ಹಾಕಿ ಮರೆತರೆ ಕಾಳಿಗೆಲ್ಲ ದುಂಡನೆ ತೂತು, ತಳದಲ್ಲಿ ಹಿಟ್ಟು, ಮುಚ್ಚಳ ತೆಗೆದೊಡನೆ ಹರಿದಾಡುವ ಕಂದು ಹುಳ. ನಾವು ಮೊರದಲ್ಲಿ ಕೇರಿ ಎಸೆಯುವ ಈ ಹುಳದ ಹೆಸರು ಕ್ಯಾಲೊಸೊಬ್ರೂಕಸ್ ಮ್ಯಾಕುಲೇಟಸ್. ಗಂಡು ಹೆಣ್ಣಿನ ನಡುವಿನ ಲೈಂಗಿಕ ಸಂಘರ್ಷ ವಿಕಾಸದಲ್ಲಿ ಹೇಗೆ ಬೆಳೆಯುತ್ತದೆ ಎಂದು ತಿಳಿಯಲು ಇದಕ್ಕಿಂತ ಕೈಗೆಟಕುವ ಜೀವಿ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಕೂಡುವುದು ಗಂಡಿಗೂ ಬೇಕು, ಹೆಣ್ಣಿಗೂ ಬೇಕು. ಎಷ್ಟು ಸಲ, ಎಷ್ಟು ಹೊತ್ತು, ಯಾರ ಜೊತೆ ಎಂಬಲ್ಲಿ ಮಾತ್ರ ಇಬ್ಬರ ಲಾಭ ಬೇರೆಬೇರೆ. ಗಂಡಿಗೆ ಹೆಚ್ಚು ಮರಿ ತರುವ ಗುಣ ಹೆಣ್ಣಿಗೆ ನಷ್ಟ ಮಾಡಿದರೂ ಪೀಳಿಗೆಯಿಂದ ಪೀಳಿಗೆಗೆ ಹರಡಬಲ್ಲದು ಎಂದು 1979ರಲ್ಲಿ ಜೆಫ್ ಪಾರ್ಕರ್ ಲೆಕ್ಕ ಹಾಕಿ ತೋರಿಸಿದರು. ಹಾಗಾದಾಗ ಆ ನಷ್ಟ ತಗ್ಗಿಸುವ ಗುಣ ಹೆಣ್ಣುಗಳಲ್ಲಿ ಉಳಿದುಕೊಳ್ಳುತ್ತದೆ. ಇದರಲ್ಲಿ ಹಗೆ, ಸೇಡು, ಶಿಕ್ಷೆ ಯಾವುದೂ ಇಲ್ಲ. "ಗಂಡು ಹೆಣ್ಣನ್ನು ಬೇಕೆಂದೇ ಗಾಯಗೊಳಿಸುತ್ತದೆ" ಎಂದು ಬರೆಯುವವರು ವಿಷಯವನ್ನೇ ತಪ್ಪು ತಿಳಿದಿದ್ದಾರೆ.

ಅಲಸಂದೆ ಹುಳದ ಗಂಡಿನ ಜನನಾಂಗದ ತುದಿಯಲ್ಲಿ ಗಟ್ಟಿ ಮುಳ್ಳುಗಳಿವೆ. ಕೂಡುವಾಗ ಅವು ಹೆಣ್ಣಿನ ಒಳನಾಳದ ಗೋಡೆಯನ್ನು ಚುಚ್ಚುತ್ತವೆ. ಆಮೇಲೆ ಅಲ್ಲಿ ಕಂದು ಕಲೆ ಉಳಿಯುತ್ತದೆ. ಕೂಡಿದ ಕೆಲವು ನಿಮಿಷಕ್ಕೆ ಹೆಣ್ಣು ಹಿಂಗಾಲಿನಿಂದ ಗಂಡನ್ನು ಒದೆಯತೊಡಗುತ್ತದೆ. ಒದೆಯಲಾಗದಂತೆ ಮಾಡಿದ ಹೆಣ್ಣುಗಳಲ್ಲಿ ಕೂಟವೂ ಉದ್ದವಾಯಿತು, ಗಾಯವೂ ಹೆಚ್ಚಿತು ಎಂದು 2000ದಲ್ಲಿ ಕ್ರಡ್ಜಿಂಗ್ಟನ್ ಮತ್ತು ಸಿವಾ-ಜೋಥಿ ವರದಿ ಮಾಡಿದರು. ಮುಳ್ಳಿನಿಂದ ಗಂಡಿಗೇನು ಲಾಭ? 2012ರಲ್ಲಿ ಲೇಸರ್‌ನಿಂದ ಮುಳ್ಳಿನ ತುದಿ ಕತ್ತರಿಸಿ ನೋಡಿದಾಗ, ಅಂಥ ಗಂಡುಗಳಿಗೆ ದಕ್ಕಿದ ಮೊಟ್ಟೆಗಳ ಪಾಲು ಕಡಿಮೆಯಾಯಿತು. ಮುಳ್ಳು ಉದ್ದವಿದ್ದಷ್ಟೂ ವೀರ್ಯದ್ರವದ ಅಂಶ ಹೆಣ್ಣಿನ ದೇಹದ್ರವಕ್ಕೆ ಹೆಚ್ಚು ಸೇರುತ್ತದೆ. ಗಾಯ ಅದರ ಜೊತೆಗೆ ಬರುವ ಪರಿಣಾಮ, ಗುರಿಯಲ್ಲ.

ಅಷ್ಟಾದರೂ ಹೆಣ್ಣು ಮತ್ತೆ ಕೂಡುತ್ತದೆ. ಈ ಹುಳ ದೊಡ್ಡದಾದ ಮೇಲೆ ತಿನ್ನದೆ, ಕುಡಿಯದೆ ಒಂದೆರಡು ವಾರ ಬದುಕಬಲ್ಲದು. ಗಂಡು ಒಂದು ಸಲಕ್ಕೆ ಕೊಡುವ ವೀರ್ಯ ಅದರ ದೇಹತೂಕದ ಶೇ. 5ಕ್ಕೂ ಮೇಲಿರಬಹುದು, ಅದರಲ್ಲಿ ನೀರಿದೆ. ನೀರು ಸಿಕ್ಕಿದ ಹೆಣ್ಣು ಮರುಕೂಟಕ್ಕೆ ಅಷ್ಟಾಗಿ ಒಪ್ಪುವುದಿಲ್ಲ.

ನೋಡಬೇಕೆಂದರೆ ಹೀಗೆ ಮಾಡಿ. ಇಡೀ ಕಾಳನ್ನೇ ತೆಗೆದುಕೊಳ್ಳಿ, ಬೇಳೆ ಬೇಡ. ಹರಳೆಣ್ಣೆ ಸವರಿದ, ಕೆಮ್ಮಣ್ಣು ಕಟ್ಟಿದ, ಔಷಧಿ ಹಾಕಿದ ಕಾಳೂ ಆಗದು. ಕೆಡದಿರಲೆಂದೇ ಅವನ್ನು ಹಾಗೆ ಮಾಡಿರುತ್ತಾರೆ. ಕಾಳಿನ ಮೇಲೆ ಅಂಟಿದ ಚಪ್ಪಟೆ ಚುಕ್ಕಿಯೇ ಮೊಟ್ಟೆ. ಮರಿ ಒಳಗೆ ಕೊರೆದುಕೊಂಡು ಹೋದ ಮೇಲೆ ಚುಕ್ಕಿ ಬೆಳ್ಳಗಾಗುತ್ತದೆ. ಒಂದೇ ಮೊಟ್ಟೆಯ ಕಾಳುಗಳನ್ನು ಆರಿಸಿ, ಒಂದೊಂದನ್ನೂ ಬೇರೆ ಬೇರೆ ಪುಟ್ಟ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಸೂಜಿತೂತು ಮಾಡಿ. ಒಟ್ಟಿಗೆ ಇಟ್ಟರೆ ಹೊರಬಂದೊಡನೆ ಕೂಡಿಬಿಡುತ್ತವೆ, ಮೊದಲ ಕೂಟ ಯಾವುದೆಂದು ಗೊತ್ತಾಗುವುದಿಲ್ಲ. ಹುಳ ಕಿಕ್ಕಿರಿದ ಡಬ್ಬಿಯಲ್ಲಿ ಇನ್ನೊಂದು ತೊಂದರೆ: ಹಾರುವ ಬಗೆಯವು ಹುಟ್ಟುತ್ತವೆ, ಅವು ಬೇಗ ಕೂಡುವುದೂ ಇಲ್ಲ, ಮೊಟ್ಟೆಯೂ ಕಡಿಮೆ. 30 ಡಿಗ್ರಿಯಲ್ಲಿ ಸುಮಾರು 25 ದಿನಕ್ಕೆ ಹುಳ ಹೊರಬರುತ್ತದೆ. ಹಾಸನ, ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಬಹಳ ತಡ. ಏಪ್ರಿಲ್ ಒಳ್ಳೆಯ ಸಮಯ.

ಹಿಂತುದಿಯ ಫಲಕದ ಎರಡೂ ಬದಿ ಕಪ್ಪು ಪಟ್ಟಿಯಿದ್ದರೆ ಹೆಣ್ಣು, ಪಟ್ಟಿಯಿಲ್ಲದೆ ತಿಳಿಕಂದು ಇದ್ದರೆ ಗಂಡು. ಗಂಡಿನ ಮೀಸೆ ಬಾಚಣಿಗೆಯಂತೆ ಹಲ್ಲುಹಲ್ಲಾಗಿದ್ದರೆ ಅದು ಚೈನೆನ್ಸಿಸ್ ಎಂಬ ಬೇರೆ ಜಾತಿ, ಬೆರೆಸಬೇಡಿ. ಒಂದು ಜೋಡಿಯನ್ನು ಗಾಜಿನ ಬಟ್ಟಲಿಗೆ ಬಿಟ್ಟು, 10 ಪಟ್ಟಿನ ಮಸೂರ ಹಿಡಿದು, ಕೂಡಿದ್ದು ಯಾವಾಗ, ಒದೆ ಶುರುವಾಗಿದ್ದು ಯಾವಾಗ, ಬಿಟ್ಟಿದ್ದು ಯಾವಾಗ ಎಂದು ಮೂರೂ ಸಮಯ ಬರೆದಿಡಿ. ಕಾಲು ಕತ್ತರಿಸುವ ಪ್ರಯೋಗ ಮನೆಯಲ್ಲಿ ಬೇಡ. ಅದರ ಬದಲು ಕೆಲವು ಹೆಣ್ಣುಗಳಿಗೆ ಒದ್ದೆ ಹತ್ತಿ ಕೊಟ್ಟು, ಉಳಿದವಕ್ಕೆ ಕೊಡದೆ, ಎರಡು ದಿನ ಬಿಟ್ಟು ಹೊಸ ಗಂಡನ್ನು ಬಿಡಿ. ಹತ್ತಿ ಇಟ್ಟ ಡಬ್ಬಿಯಲ್ಲಿ ಕಾಳು ಇರಬಾರದು, ಬೂಷ್ಟು ಹಿಡಿಯುತ್ತದೆ.

ಒಂದು ಜಾತಿಯಲ್ಲಿ ಕಂಡದ್ದು ಇಡೀ ಕುಟುಂಬದಲ್ಲೂ ಇದೆಯೇ? 2007ರಲ್ಲಿ ರಾನ್, ಕಾಟ್ವಾಲಾ, ಆರ್ನ್‌ಕ್ವಿಸ್ಟ್ ಏಳು ಜಾತಿಯ ಕಾಳುಹುಳಗಳನ್ನು ಹೋಲಿಸಿದರು. ಗಂಡಿನ ಅಂಗ ಹೆಚ್ಚು ಹಾನಿಕರವಾದಲ್ಲಿ ಹೆಣ್ಣಿನ ಒಳನಾಳದ ಗೋಡೆಯೂ ಹೆಚ್ಚು ದಪ್ಪ. ಸಂಘರ್ಷ ತೆಗೆದರೆ ಏನಾಗುತ್ತದೆ ಎಂಬುದಕ್ಕೆ ಹಣ್ಣುನೊಣದಲ್ಲಿ ಉತ್ತರವಿದೆ: 1999ರಲ್ಲಿ ಹಾಲೆಂಡ್ ಮತ್ತು ರೈಸ್ 47 ಪೀಳಿಗೆ ಒಂದು ಹೆಣ್ಣಿಗೆ ಒಂದೇ ಗಂಡಿನಂತೆ ಸಾಕಿದಾಗ ಗಂಡುಗಳ ಹಾನಿ ಇಳಿಯಿತು, ಹೆಣ್ಣುಗಳ ತಡೆಯುವ ಶಕ್ತಿಯೂ ಇಳಿಯಿತು. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಬಲವಾದ ಸಾಕ್ಷ್ಯ ಇದೇ.

ನೋಡಿ ಮುಗಿದ ಮೇಲೆ ಡಬ್ಬಿಗಳನ್ನು ಒಂದು ವಾರ ಫ್ರೀಜರ್‌ನಲ್ಲಿಟ್ಟು ಆಮೇಲೆ ಚೆಲ್ಲಿ. ಹಾಗೇ ತಿಪ್ಪೆಗೆ ಹಾಕಿದರೆ ಹಾರುವ ಹುಳ ಪಕ್ಕದ ಮನೆಯ ಬಿತ್ತನೆ ಕಾಳಿಗೂ ಹತ್ತುತ್ತದೆ.