ಯಾವ ಎರಡು ಗಂಟೆ?

"ಮಕ್ಕಳಿಗೆ ದಿನಕ್ಕೆ ಎಷ್ಟು ಗಂಟೆ ಮೊಬೈಲ್ ಕೊಡಬಹುದು ಟೀಚರ್?"

ಪೋಷಕರ ಸಭೆಯಲ್ಲಿ ಕೇಳುತ್ತಾರೆ, ಬಸ್ ನಿಲ್ದಾಣದಲ್ಲಿ ಕೇಳುತ್ತಾರೆ. ನಾಮಕರಣದ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುವ ಮೊದಲೇ ಈ ಪ್ರಶ್ನೆ ಬಂದು ಬೀಳುತ್ತದೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳಿಗೆ ಇದರ ಉತ್ತರ ಗೊತ್ತಿರುತ್ತದೆಂದು ಯಾರು ಹೇಳಿದರೋ ಕಾಣೆ. ಕೇಳುವ ಧಾಟಿಯಂತೂ ಕೆಮ್ಮಿನ ಸಿರಪ್ಪಿನದು: ಎಷ್ಟು ಚಮಚ, ಊಟಕ್ಕೆ ಮುಂಚೆಯೋ ಆಮೇಲೋ? ನಾನೊಂದು ಸಂಖ್ಯೆ ಹೇಳಿದರೆ ಸಾಕು, ಮನೆಗೆ ಹೋಗಿ "ನೋಡು, ಟೀಚರೇ ಹೇಳಿದ್ದಾರೆ" ಎಂದು ಮಗುವಿನ ಮುಖಕ್ಕೆ ಹಿಡಿಯಬಹುದು.

ಸಂಖ್ಯೆ ಬೇಕೇ? ತೆಗೆದುಕೊಳ್ಳಿ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಪ್ರಕಾರ ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ. ದೂರದ ಅಜ್ಜಿಯೊಡನೆ ಆಗೀಗ ವಿಡಿಯೊ ಕರೆಯಾದರೆ ತಪ್ಪಲ್ಲ. ಎರಡರಿಂದ ಐದರವರೆಗೆ ಹೆಚ್ಚೆಂದರೆ ಒಂದು ಗಂಟೆ, ಐದರಿಂದ ಹತ್ತರವರೆಗೆ ಎರಡು ಗಂಟೆಯೊಳಗೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಿ, ನನಗೆ ಹೋಳಿಗೆ ತಿನ್ನಲು ಬಿಡಿ.

ಇಷ್ಟು ಒರಟಾಗಿ ಮಾತನಾಡುವ ಹಕ್ಕು ನನಗಿಲ್ಲ, ಬಲ್ಲೆ. 2020ರಲ್ಲಿ ಶಾಲೆ ಮುಚ್ಚಿದಾಗ ಒಂದೊಂದು ಮನೆಗೂ ಕರೆ ಮಾಡಿ, "ಹೇಗಾದರೂ ಒಂದು ಸ್ಮಾರ್ಟ್‌ಫೋನ್ ಕೊಡಿಸಿ, ಪಾಠ ತಪ್ಪಿಹೋಗುತ್ತದೆ" ಎಂದು ದುಂಬಾಲು ಬಿದ್ದವರಲ್ಲಿ ನಾನೂ ಒಬ್ಬಳು. ಓಲೆ ಅಡವಿಟ್ಟು ಫೋನ್ ತಂದ ತಾಯಂದಿರಿದ್ದರು. ಶಾಲೆ ತೆರೆಯಿತು, ಫೋನ್ ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು. "ಕೊಡಿ ಎಂದವರೂ ನೀವೇ, ಕಿತ್ತುಕೊಳ್ಳಿ ಎನ್ನುವವರೂ ನೀವೇ" ಎಂದು ಒಬ್ಬ ತಂದೆ ತುಂಬಿದ ಸಭೆಯಲ್ಲಿ ಹೇಳಿದಾಗ ನಾನು ಹಾಜರಿ ಪುಸ್ತಕದಲ್ಲಿ ಏನನ್ನೋ ಹುಡುಕುತ್ತಿದ್ದೆ.

ಆದರೆ ನನ್ನನ್ನು ನಿಜವಾಗಿ ಕಂಗೆಡಿಸಿದವರು ಇನ್ನೊಬ್ಬ ತಾಯಿ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಒಂದರಲ್ಲಿ ಕೆಲಸ. ಎಂಟನೇ ತರಗತಿಯ ಮಗ ಮೊದಲ ಪಿರಿಯಡ್ಡಿನಲ್ಲೇ ಬೆಂಚಿಗೆ ತಲೆ ಕೊಟ್ಟು ಮಲಗುತ್ತಿದ್ದ. ಕರೆಸಿ, ತಜ್ಞೆಯ ಗತ್ತಿನಲ್ಲಿ "ದಿನಕ್ಕೆ ಎರಡು ಗಂಟೆ ಸಾಕು" ಎಂದೆ.

"ಯಾವ ಎರಡು ಗಂಟೆ?" ಎಂದರು ಆಕೆ.

ಕುಹಕವಿರಲಿಲ್ಲ, ನಿಜಕ್ಕೂ ಕೇಳಿದ್ದರು. ಹುಡುಗ ಐದಕ್ಕೆ ಮನೆ ಸೇರುತ್ತಾನೆ, ಆಕೆ ಏಳೂವರೆಗೆ. ಅವನು ಆಡುತ್ತಿದ್ದ ಖಾಲಿ ನಿವೇಶನಕ್ಕೆ ಬೇಲಿ ಬಿದ್ದಿದೆ, ಬೀದಿಯಲ್ಲಿ ಟಿಪ್ಪರ್‌ಗಳ ಓಡಾಟ. ಕೈಯಲ್ಲಿ ಫೋನ್ ಇದ್ದರೆ ಅವನು ಬಾಗಿಲು ಹಾಕಿಕೊಂಡು ಒಳಗಿದ್ದಾನೆಂಬ ಧೈರ್ಯ. ನಿಮ್ಮ ಎರಡು ಗಂಟೆ ಅಲ್ಲಿಗೇ ಖರ್ಚಾಯಿತು, ರಾತ್ರಿ ಏನು ಮಾಡಲಿ ಟೀಚರ್?

ಮನೆಗೆ ಬಂದು ಹುಡುಕಿದೆ. ನಾನು ಹೇಳಿದ ಎರಡು ಗಂಟೆ ಹದಿಮೂರು ವರ್ಷದವನಿಗೆ ಅನ್ವಯಿಸುವುದೇ ಇಲ್ಲ! ಹತ್ತು ದಾಟಿದವರ ವಿಷಯದಲ್ಲಿ ಅಕಾಡೆಮಿ ಮಾತನಾಡುವುದು ನಿದ್ದೆ, ಆಟ, ಊಟ, ಓದು, ಮನೆಯವರ ಒಡನಾಟ ತಪ್ಪದಂತೆ ನೋಡಿಕೊಳ್ಳುವುದರ ಬಗ್ಗೆ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ದೊಡ್ಡ ಮಕ್ಕಳಿಗೆ ಹಾಕಿದ್ದ ಎರಡು ಗಂಟೆಯ ಗೆರೆಯನ್ನು 2016ರಲ್ಲೇ ಅಳಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತಲ್ಲ, ಅದರ ಲಕ್ಷಣಗಳಲ್ಲಿಯೂ ಗಂಟೆಯ ಲೆಕ್ಕವಿಲ್ಲ: ಹಿಡಿತ ತಪ್ಪಿದೆಯೇ, ಉಳಿದೆಲ್ಲವೂ ಆಟದ ಹಿಂದೆ ಸರಿದಿದೆಯೇ, ಕೆಡುಕಾಗುತ್ತಿದ್ದರೂ ನಿಲ್ಲಿಸಲಾಗುತ್ತಿಲ್ಲವೇ ಎಂದು ಕೇಳುತ್ತದೆ. ಹೌದು ಎನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆಂದು ಪ್ರತ್ಯೇಕ ಕ್ಲಿನಿಕ್ ಇದೆ. ಅದನ್ನು ಮಕ್ಕಳನ್ನು ಹೆದರಿಸುವ ಗುಮ್ಮನನ್ನಾಗಿ ಮಾಡಬೇಡಿ.

ಮರುದಿನ ಹುಡುಗನನ್ನೇ ಕೇಳಿದೆ. ಗೇಮ್ ಅಲ್ಲವಂತೆ, ರೀಲ್ಸೂ ಅಲ್ಲವಂತೆ. ಸಹಪಾಠಿಗಳ ವಾಟ್ಸ್ಆ್ಯಪ್ ಗುಂಪು. ಯಾರು ಮೊದಲು ಮಲಗುತ್ತಾರೋ ಅವರ ಫೋಟೊಗೆ ಮೀಸೆ, ಕೋಡು ಅಂಟಿಸಿ ಬೆಳಗಿನವರೆಗೆ ಗೇಲಿ ಮಾಡುತ್ತಾರೆ. ಹಾಗಾಗಿ ಯಾರೂ ಮೊದಲು ಮಲಗುವುದಿಲ್ಲ. ಐದಕ್ಕೆ ಎದ್ದು ಬುತ್ತಿ ಕಟ್ಟಬೇಕಾದ ತಾಯಿ ಪಕ್ಕದಲ್ಲೇ ನಿದ್ದೆ ಹೋಗಿರುತ್ತಾರೆ, ಇವನು ಕಂಬಳಿಯೊಳಗೆ ನಡುರಾತ್ರಿ ಕಳೆದು ಒಂದು ಹೊಡೆಯುವವರೆಗೆ ಕಾವಲು ಕೂರುತ್ತಾನೆ. ಈ ವಯಸ್ಸಿಗೆ ಎಂಟರಿಂದ ಹತ್ತು ತಾಸು ನಿದ್ದೆ ಬೇಕು. ಅವನಿಗೆ ಸಿಗುತ್ತಿದ್ದುದು ಐದು. ಸಂಜೆಯ ಎರಡು ಗಂಟೆ ಅವನಿಂದ ಕಸಿದುಕೊಂಡಿದ್ದು ಅಷ್ಟಕ್ಕಷ್ಟೇ.

ನೀವು ಎಷ್ಟು ಗಂಟೆ ಎಂದು ಕೇಳಿದ ತಕ್ಷಣ ನನಗೆ ಈ ಕಂಬಳಿ ನೆನಪಾಗುತ್ತದೆ, ಅದಕ್ಕೇ ಸಿಡುಕುತ್ತೇನೆ. ರಾತ್ರಿ ಫೋನ್ ಎಲ್ಲಿ ಮಲಗುತ್ತದೆ ಎಂದು ಕೇಳಿ. ಆ ಗುಂಪಿನಲ್ಲಿ ಯಾರಿದ್ದಾರೆ ಎಂದು ಕೇಳಿ. ಆ ತಾಯಿಯಂತೆ, ಐದರಿಂದ ಏಳೂವರೆಯವರೆಗೆ ಶಾಲೆಯ ಮೈದಾನದ ಗೇಟಿಗೆ ಬೀಗವೇಕೆ ಎಂದೂ ಕೇಳಿ. (ಬಾಯಿಬಿಟ್ಟು ಕೇಳಿದ್ದರು. ಕಾವಲುಗಾರನ ಸಂಬಳದ ಸಮಸ್ಯೆ ಎಂಬ ಉತ್ತರ ನನಗೇ ನಾಚಿಕೆ ತರಿಸಿತು.)

ಮೈದಾನದ ಬೀಗದ ಕೀ ನನ್ನ ಬಳಿ ಇಲ್ಲ. ಹೋಂವರ್ಕನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದನ್ನು ಬಿಟ್ಟು ಕಪ್ಪುಹಲಗೆಯ ಮೇಲೆ ಬರೆಯತೊಡಗಿದೆ, ಕೈಲಾದದ್ದು ಅಷ್ಟೇ. ಇದಕ್ಕೆ ಮೊದಲು ಸಿಟ್ಟಾದವರು ಮಕ್ಕಳು: "ಹೋಂವರ್ಕ್ ನೋಡಬೇಕು, ಫೋನ್ ಕೊಡಿ" ಎನ್ನುವ ನೆಪ ಹೋಯಿತು. ಆಮೇಲೆ ಸಿಟ್ಟಾದವರು ಪೋಷಕರು. ಮಗ ಹೋಂವರ್ಕ್ ಬರೆದುಕೊಂಡಿದ್ದಾನೋ ಇಲ್ಲವೋ, ನಮಗೆ ಹೇಗೆ ಗೊತ್ತಾಗಬೇಕು ಟೀಚರ್, ಒಂದು ಫೋಟೊ ತೆಗೆದು ಗುಂಪಿಗೆ ಹಾಕಬಾರದೇ?