ಮೋಟರ್ ಸುಟ್ಟರೆ ಮೊದಲು ಸಂಪಿನ ಮುಚ್ಚಳ ತೆಗೆಯಿರಿ

"ಮೋಟರ್ ಸುಟ್ಟೈತಿ, ಬಂದು ಬಿಚ್ಕೊಂಡು ಹೋಗಪ್ಪ" ಎಂದು ಫೋನ್ ಬರುತ್ತದೆ. ಹೋದ ಕೂಡಲೇ ಮೇನ್ ಆಫ್ ಮಾಡಿಸಿ, ಸಂಪಿನ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ನೀರಿನ ಮಟ್ಟಕ್ಕೆ ತಕ್ಕಂತೆ ಮೋಟರ್ ಆನ್–ಆಫ್ ಮಾಡುವ ಫ್ಲೋಟ್ ಸ್ವಿಚ್ ಎಲ್ಲಿದೆ ಅಂತ ನೋಡುತ್ತೇನೆ. ಮೋಟರ್ ಬಿಚ್ಚುವುದು ಆಮೇಲೆ. ದಾವಣಗೆರೆಯಲ್ಲಿ ಮನೆ ಮೋಟರ್ ರಿಪೇರಿ ಮಾಡುತ್ತ ನನಗೆ ಮನದಟ್ಟಾದದ್ದು ಇಷ್ಟು: ಫ್ಲೋಟ್ ಸ್ವಿಚ್ ಕೆಟ್ಟಿದ್ದನ್ನು ನೋಡದೆ ವೈಂಡಿಂಗ್ (ಮೋಟರ್ ಒಳಗಿನ ತಂತಿ ಸುರುಳಿ) ಮಾಡಿಸಿದರೆ ಆ ದುಡ್ಡು ಮತ್ತೆ ನೀರಿಗೆ ಹಾಕಿದ ಹಾಗೆ.

ನಮ್ಮೂರಿಗೆ ಹರಿಹರದ ಹತ್ತಿರದ ರಾಜನಹಳ್ಳಿಯಿಂದ ತುಂಗಭದ್ರೆ ನೀರು ಬರುತ್ತದೆ. ಭದ್ರಾ ನಾಲೆ ನೀರು ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆ ತುಂಬಿಸುತ್ತದೆ. ಆದರೂ ನಲ್ಲಿ ದಿನಾ ಬಿಡದ ಕಡೆ ಸಂಪು ತಳ ಕಾಣುವುದು ಸಾಮಾನ್ಯ. ಆಗ ಮೋಟರ್ ಓಡುತ್ತಲೇ ಇದ್ದರೆ ಒಳಗಿನ ಸೀಲ್‌ಗೆ ತಂಪು ಕೊಡುವ ನೀರೇ ಇರುವುದಿಲ್ಲ. ಸೀಲ್ ಕಾದು ಸೀಳುತ್ತದೆ, ಮುಂದೆ ನೀರು ತುಂಬಿದಾಗ ಅದು ಒಳಗೆ ಇಳಿದು ವೈಂಡಿಂಗ್‌ಗೆ ಹೋಗುತ್ತದೆ.

ನಿಟುವಳ್ಳಿಯ ಒಂದು ಮನೆಯಲ್ಲಿ ಅಮ್ಮ ಒಬ್ಬರು ಬೇಜಾರಿನಿಂದ ಹೇಳಿದರು, "ಹೋದ ಬೇಸಿಗೆಗೂ ವೈಂಡಿಂಗ್ ಮಾಡಿಸೀವಿ ನೋಡಪ್ಪ, ಮತ್ತೆ ಹಂಗೇ ಆತು. ಮೋಟರ್‌ನ ಕಂಪನೀನೇ ಸರಿ ಇಲ್ಲೇನೋ." ಮುಚ್ಚಳ ತೆಗೆದರೆ ಫ್ಲೋಟಿನ ಕೇಬಲ್ ಸಂಪಿನ ಕಬ್ಬಿಣದ ಮೆಟ್ಟಿಲಿಗೆ ಸುತ್ತಿಕೊಂಡಿತ್ತು. ನೀರು ಮೊಣಕಾಲಿಗಿಂತ ಕೆಳಗಿದ್ದರೂ ಫ್ಲೋಟ್ ಮೇಲೇ ಸಿಕ್ಕಿಹಾಕಿಕೊಂಡು "ನೀರು ಐತಿ" ಅನ್ನುತ್ತಿತ್ತು. ಕೇಬಲ್ ಬಿಡಿಸಿ, ಮೆಟ್ಟಿಲಿನಿಂದ ದೂರ, ಗೋಡೆಗೂ, ನೀರು ಎಳೆಯುವ ಪೈಪಿನ ತುದಿಯ ಫುಟ್‌ವಾಲ್ವ್‌ಗೂ ತಾಗದ ಕಡೆ ಇಳಿಬಿಟ್ಟೆ. ಆ ಮನೆಯ ರೋಗ ಅಷ್ಟೇ ಆಗಿತ್ತು, ಪಾಪ, ಬೈಸಿಕೊಂಡದ್ದು ಮೋಟರ್.

ಈ ಫ್ಲೋಟ್ ಒಳಗೆ ಏನಿದೆ ಎಂದು ಜನ ಕೇಳುತ್ತಾರೆ, ಕೇಳಬೇಕು ಕೂಡ. ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಗುಂಡು, ಒಂದು ಚಿಕ್ಕ ಸ್ವಿಚ್. ಡಬ್ಬಿ ತೇಲಿ ವಾಲಿದಾಗ ಗುಂಡು ಉರುಳಿ ಸ್ವಿಚ್ ಒತ್ತುತ್ತದೆ, ಇಳಿಬಿದ್ದಾಗ ಬಿಡುತ್ತದೆ. ಕೇಬಲ್‌ನಲ್ಲಿ ಮೂರು ವೈರ್. ಒಂದು ಜೋಡಿ ಫ್ಲೋಟ್ ಮೇಲಿದ್ದಾಗ ಸೇರುತ್ತದೆ, ಅದು ಸಂಪಿಗೆ. ಇನ್ನೊಂದು ಕೆಳಗಿದ್ದಾಗ ಸೇರುತ್ತದೆ, ಅದು ಮೇಲಿನ ಟ್ಯಾಂಕಿಗೆ. ಸಂಪಿನ ಫ್ಲೋಟ್, ಟ್ಯಾಂಕಿನ ಫ್ಲೋಟ್ ಎರಡನ್ನೂ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು, ಕೊಟ್ಟರೆ ಸಂಪಿನಲ್ಲಿ ನೀರಿದ್ದು, ಮೇಲೆ ಖಾಲಿ ಇದ್ದಾಗ ಮಾತ್ರ ಮೋಟರ್ ಓಡುತ್ತದೆ. ಬಣ್ಣ ನಂಬಿ ವೈರ್ ಸೇರಿಸಬೇಡಿ. ಕಂಪನಿಯಿಂದ ಕಂಪನಿಗೆ ಅದು ಬದಲಾಗುತ್ತದೆ. ಮೀಟರ್ ಹಿಡಿದು ಫ್ಲೋಟ್ ಎತ್ತಿ ಇಳಿಸಿ ನೋಡುವುದೇ ದಾರಿ.

ಕೇಬಲ್‌ಗೆ ಸಿಕ್ಕಿಸುವ ತೂಕದ ಗುಂಡನ್ನು ಎಷ್ಟೋ ಮನೆಗಳಲ್ಲಿ ಡಬ್ಬದಲ್ಲೇ ಬಿಟ್ಟಿರುತ್ತಾರೆ. ನನಗೆ ತೀರಾ ನೋವಾಗುವುದು ಇದನ್ನು ಕಂಡಾಗ. ಆ ಗುಂಡಿಗೂ ಫ್ಲೋಟಿಗೂ ನಡುವಿನ ಕೇಬಲ್ ಉದ್ದವೇ ಮೋಟರ್ ಯಾವ ಮಟ್ಟದಲ್ಲಿ ಆನ್, ಯಾವ ಮಟ್ಟದಲ್ಲಿ ಆಫ್ ಎಂಬುದನ್ನು ತೀರ್ಮಾನಿಸುತ್ತದೆ. ತೀರಾ ಗಿಡ್ಡವಾದರೆ ನಾಲ್ಕು ಬಕೆಟ್ ನೀರಿಗೇ ಮೋಟರ್ ಆನ್–ಆಫ್ ಆಗುತ್ತ, ಮೋಟರ್ ಶುರು ಮಾಡಿಸುವ ಕೆಪಾಸಿಟರ್ ಹೋಗುತ್ತದೆ. ಸಂಪಿನಲ್ಲಿ ನೀರು ಇಳಿದು ಫುಟ್‌ವಾಲ್ವ್‌ ಮಟ್ಟಕ್ಕೆ ಬರುವ ಮೊದಲೇ ಆಫ್ ಆಗುವಂತೆ ಗುಂಡು ಇಡಬೇಕು.

ಕರೆಂಟಿನ ಮಾತು ಇನ್ನೊಂದು. 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಓಡುವಾಗ ಸುಮಾರು 6–7 ಆಂಪ್ಸ್ ಎಳೆಯುತ್ತದೆ, ಶುರುವಾಗುವ ಗಳಿಗೆಯಲ್ಲಿ ಅದರ ಎಷ್ಟೋ ಪಟ್ಟು. ಫ್ಲೋಟ್ ಮೇಲೆ 16 ಎಂದು ದೊಡ್ಡದಾಗಿ ಬರೆದಿದ್ದರೂ ಪಕ್ಕದ ಬ್ರಾಕೆಟ್‌ನಲ್ಲಿರುವ ಚಿಕ್ಕ ಅಂಕಿಯೇ ಮೋಟರಿನಂಥ ಲೋಡಿಗೆ ಲೆಕ್ಕ. ಮೋಟರಿನ ಪೂರ್ತಿ ಕರೆಂಟು ಫ್ಲೋಟ್ ಮೂಲಕ ಹಾಯಿಸಿದರೆ ಒಳಗಿನ ಪಾಯಿಂಟ್ ಕರಗಿ ಅಂಟಿಕೊಳ್ಳುತ್ತದೆ, ಆಮೇಲೆ ಫ್ಲೋಟ್ ಇಳಿದರೂ ಮೋಟರ್ ನಿಲ್ಲದು. ಮೋಟರಿನ ಕರೆಂಟು ತಾನೇ ಹೊರುವ ದೊಡ್ಡ ಸ್ವಿಚ್, ಅಂದರೆ ಕಾಂಟಾಕ್ಟರ್ ಹಾಕಿ, ಅದನ್ನು ಎಳೆಯುವ ಸಣ್ಣ ಕರೆಂಟಿನ ಕಾಯಿಲ್ ಮಾತ್ರ ಫ್ಲೋಟ್ ಕೈಗೆ ಕೊಡಿ.

ಬೋರ್ ನೀರು ಸೇರುವ ಸಂಪಿನಲ್ಲಿ ಸುಣ್ಣದಂಥ ಬಿಳಿ ಪದರ ಕಟ್ಟುತ್ತದೆ. ಫ್ಲೋಟ್ ಬದಲು ನೀರು ತಾಗಿದ್ದನ್ನು ತಿಳಿಸುವ ಕಡ್ಡಿ ಸೆನ್ಸರ್ ಇದ್ದರೆ, ಆ ಪದರದಿಂದ ಸೆನ್ಸರ್ ಬೇಗ ಮೋಸ ಮಾಡುತ್ತದೆ. ವಿನೆಗರ್‌ನಲ್ಲಿ ನೆನೆಸಿ ಉಜ್ಜಿದರೆ ಸಾಕು.

ತಿಂಗಳಿಗೊಮ್ಮೆ ನೀವೇ ಪರೀಕ್ಷಿಸಬಹುದು. ಮೋಟರ್ ಓಡುತ್ತಿರುವಾಗ ಒಣಗಿದ ಪ್ಲಾಸ್ಟಿಕ್ ಪೈಪಿನ ತುದಿಗೆ ಕೇಬಲ್ ಸಿಕ್ಕಿಸಿ, ಫ್ಲೋಟ್ ನೀರಿನಿಂದ ಮೇಲೆ ಬಂದು ಇಳಿಬೀಳುವಂತೆ ಎತ್ತಿ. ಮೋಟರ್ ನಿಲ್ಲಬೇಕು. ನೀರಿಗೆ ಕೈ ಹಾಕಬೇಡಿ. ಕರೆಂಟು ಸೋರಿದರೆ ತಕ್ಷಣ ಸಪ್ಲೈ ಕಡಿಯುವ 30 ಮಿಲಿ ಆಂಪ್ಸ್‌ನ ಇಎಲ್‌ಸಿಬಿ ಇಲ್ಲದ ಮನೆಗಳಲ್ಲಿ ನಾನು ಮೊದಲು ಅದನ್ನೇ ಹಾಕಿಸಿ ಎನ್ನುತ್ತೇನೆ.

ಸಂಪಿನೊಳಗೆ ಒಬ್ಬರೇ ಇಳಿಯಬೇಡಿ. ಬಹಳ ದಿನ ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿ ಇರುತ್ತದೆಂಬ ಭರವಸೆ ಇಲ್ಲ. ಫ್ಲೋಟಿನ ಕೇಬಲ್ ಇಲಿ ಕಡಿದಿದ್ದರೆ ಅಥವಾ ಸೀಳಿದ್ದರೆ ಟೇಪ್ ಸುತ್ತುವುದೂ ಬೇಡ, ನೀರಿನೊಳಗೆ ಜಾಯಿಂಟ್ ಮಾಡುವುದೂ ಬೇಡ. ಉದ್ದ ಕೇಬಲ್ ಇರುವ ಹೊಸ ಫ್ಲೋಟ್ ತಂದು, ಜಾಯಿಂಟ್ ಸಂಪಿನ ಹೊರಗಿನ ಡಬ್ಬಿಯಲ್ಲೇ ಬರುವಂತೆ ಹಾಕಿಸಿ.