ಟರ್ಮಿನಲ್‌ನಲ್ಲಿ ಹುಡುಕಿ ‘ಇಲ್ಲ’ ಎನ್ನುವ ಮುನ್ನ

ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಮಾಡಿದ ಒಂದು ತಪ್ಪಿನ ಹಿಂದೆ ದೊಡ್ಡ ತಾಂತ್ರಿಕ ಕಾರಣವೇನೂ ಇರಲಿಲ್ಲ. ಒಂದು ಹುಡುಕಾಟದ ಉತ್ತರವನ್ನು ನಾನು ಸರಿಯಾಗಿ ಓದಿರಲಿಲ್ಲ, ಅಷ್ಟೇ. ಡೆಬಿಯನ್ ಎಂಬ ಡಿಸ್ಟ್ರೊ (ಲಿನಕ್ಸ್‌ನ ಒಂದು ಬಗೆ) ಹಾಕಿದ್ದ ಒಂದು ಸರ್ವರ್ ಐಪಿ ವಿಳಾಸ ಕೊಟ್ಟರೆ ಪಕ್ಕದ ಸರ್ವರ್ ಜೊತೆ ಮಾತಾಡುತ್ತಿತ್ತು, ಹೆಸರು ಕೊಟ್ಟರೆ ಮಾತಾಡುತ್ತಿರಲಿಲ್ಲ. ಹೆಸರಿಗೆ ತಕ್ಕ ಐಪಿ ವಿಳಾಸ ಹೇಳುವ ಡಿಎನ್‌ಎಸ್ ಏನು ಉತ್ತರಿಸುತ್ತಿದೆ ಎಂದು ನೋಡಲು ‘ಡಿಗ್’ ಕಮಾಂಡ್ ಬೇಕಿತ್ತು, ಅದು ಆ ಯಂತ್ರದಲ್ಲಿ ಇರಲಿಲ್ಲ. ತಂತ್ರಾಂಶದ ಕಟ್ಟುಗಳನ್ನು, ಅಂದರೆ ಪ್ಯಾಕೇಜ್‌ಗಳನ್ನು, ಹುಡುಕಿ ಹಾಕಿಕೊಡುವ ಡೆಬಿಯನ್‌ನ ಪ್ಯಾಕೇಜ್ ಮ್ಯಾನೇಜರ್ ಆಪ್ಟ್; ಅದಕ್ಕೆ ‘ಆಪ್ಟ್ ಇನ್‌ಸ್ಟಾಲ್ ಡಿಗ್’ ಎಂದು ಕೊಟ್ಟೆ. ಅಂಥ ಪ್ಯಾಕೇಜ್ ಸಿಗುವುದಿಲ್ಲ ಎಂಬ ಉತ್ತರ ಬಂತು. ‘ಆಪ್ಟ್ ಸರ್ಚ್ ಡಿಗ್’ ಎಂದು ಕೊಟ್ಟೆ; ತೆರೆ ತುಂಬಿ ನೂರಾರು ಸಾಲುಗಳು ಹರಿದವು. ಡಿಜಿಟಲ್ ಎಂಬ ಪದದ ಇಂಗ್ಲಿಷ್ ಕಾಗುಣಿತದಲ್ಲೂ ಅದೇ ಮೂರು ಅಕ್ಷರಗಳು ಮೊದಲಿಗೆ ಬರುವುದರಿಂದ, ಡಿಜಿಟಲ್ ಎಂದು ಎಲ್ಲೆಲ್ಲಿ ಬರೆದಿತ್ತೋ ಆ ಪ್ಯಾಕೇಜ್‌ಗಳೆಲ್ಲ ಪಟ್ಟಿಯಲ್ಲಿ ಸೇರಿಕೊಂಡಿದ್ದವು. ಹೆಸರಿನಲ್ಲಿ ಮಾತ್ರ ಹುಡುಕುವ ‘ನೇಮ್ಸ್-ಓನ್ಲಿ’ ಆಯ್ಕೆಯನ್ನು ಸೇರಿಸಿ ಮತ್ತೆ ಹುಡುಕಿದಾಗ ಪಟ್ಟಿ ಚಿಕ್ಕದಾಯಿತು, ಆದರೆ ಅದರಲ್ಲಿ ಕಂಡದ್ದು ಫೋಟೊಗಳನ್ನು ಜೋಡಿಸಿಡುವ ಡಿಜಿಕ್ಯಾಮ್ ಮತ್ತು ಅದರ ನೆಂಟರಿಷ್ಟರು.

“ಸರ್, ಡೆಬಿಯನ್‌ನಲ್ಲಿ ಡಿಗ್ ಇಲ್ಲ” ಎಂದು ತಂಡದ ಹಿರಿಯರಿಗೆ ಹೇಳಿ, ಡಿಗ್ ಯಾವ ತಂತ್ರಾಂಶದ ಭಾಗವೋ ಆ ಬೈಂಡ್‌ನ ಮೂಲ ಸಂಕೇತವನ್ನೇ ಇಳಿಸಿಕೊಂಡು, ಅಲ್ಲೇ ಕಂಪೈಲ್ ಮಾಡಿ (ಓಡಿಸಬಹುದಾದ ರೂಪಕ್ಕೆ ತಂದು), ಕೆಲಸ ಮುಗಿಸಿದೆ. ಅವರು ಬೇರೊಂದು ತುರ್ತಿನಲ್ಲಿ ಇದ್ದುದರಿಂದ ಹೂಂ ಎಂದರು. ತಿಂಗಳುಗಳ ಬಳಿಕ ಭದ್ರತಾ ಪರಿಶೀಲನೆಯಲ್ಲಿ ಆ ಸರ್ವರ್‌ನ ಹೆಸರು ಮೇಲೆ ಬಂತು. ಯಂತ್ರದ ಪ್ಯಾಕೇಜ್‌ಗಳೆಲ್ಲ ಕಾಲಕಾಲಕ್ಕೆ ಅಪ್‌ಡೇಟ್ ಆಗಿದ್ದವು. ನಾನು ಕೈಯಾರೆ ಕಟ್ಟಿ ಇಟ್ಟಿದ್ದ ಬೈಂಡ್ ಮಾತ್ರ ಇಟ್ಟ ದಿನ ಹೇಗಿತ್ತೋ ಹಾಗೆಯೇ ಇತ್ತು. ಪ್ಯಾಕೇಜ್ ಮ್ಯಾನೇಜರ್‌ಗೆ ಗೊತ್ತೇ ಇಲ್ಲದ ಫೈಲನ್ನು ಅದು ಅಪ್‌ಡೇಟ್ ಮಾಡುವುದಾದರೂ ಹೇಗೆ?

“ಇಲ್ಲ ಅಂದಿರಲ್ಲ, ಎಲ್ಲಿ ಹುಡುಕಿದ್ರಿ?” ಎಂದು ಹಿರಿಯರು ಆಗ ಕೇಳಿದರು. ಅದೇ ಹುಡುಕಾಟವನ್ನು ಅವರ ಮುಂದೆ ಮತ್ತೆ ಮಾಡಿ ತೋರಿಸಿದೆ. ಅವರು ನಿಧಾನವಾಗಿ ಪಟ್ಟಿಯನ್ನು ಸರಿಸುತ್ತ ಹೋಗಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಆ ಪ್ಯಾಕೇಜಿನ ಹೆಸರು ಡಿಎನ್‌ಎಸ್‌ಯುಟಿಲ್ಸ್. ಈಗಿನ ಆವೃತ್ತಿಗಳಲ್ಲಿ ಅದು ಬೈಂಡ್9-ಡಿಎನ್‌ಎಸ್‌ಯುಟಿಲ್ಸ್ ಆಗಿದೆ. ಉತ್ತರ ಮೊದಲ ದಿನವೇ ನನ್ನ ತೆರೆಯ ಮೇಲಿತ್ತು, ಆದರೆ ಆ ಸಾಲಿನಲ್ಲಿ ಡಿಗ್ ಎಂಬ ಪದವೇ ಇರಲಿಲ್ಲ. ಆಪ್ಟ್ ಹುಡುಕುವುದು ಹೆಸರನ್ನೂ ಪ್ಯಾಕೇಜಿನ ಉದ್ದನೆಯ ವಿವರಣೆಯನ್ನೂ, ತೋರಿಸುವುದು ಮಾತ್ರ ಹೆಸರನ್ನೂ ಒಂದು ಸಾಲಿನ ಕಿರು ವಿವರಣೆಯನ್ನೂ. ಡಿಗ್ ಎಂಬ ಪದ ಇದ್ದದ್ದು ಉದ್ದನೆಯ ವಿವರಣೆಯ ಒಳಗೆ, ಕಣ್ಣಿಗೆ ಬೀಳದ ಭಾಗದಲ್ಲಿ. ಹೆಸರಿಗೆ ಮಾತ್ರ ಸೀಮಿತಗೊಳಿಸಿದಾಗ ನಾನು ಜರಡಿ ಹಿಡಿದು ಹೊಟ್ಟಿನ ಜೊತೆಗೆ ಕಾಳನ್ನೂ ಚೆಲ್ಲಿದ್ದೆ. ಅದರ ಬದಲು ಡಿಗ್ ಜೊತೆಗೆ ಡಿಎನ್‌ಎಸ್ ಎಂಬ ಇನ್ನೊಂದು ಪದ ಸೇರಿಸಿದ್ದರೆ, ಎರಡೂ ಪದಗಳಿರುವ ಪ್ಯಾಕೇಜ್‌ಗಳನ್ನಷ್ಟೇ ಆಪ್ಟ್ ತೋರಿಸುತ್ತಿತ್ತು.

ಅಂದಿನಿಂದ ಕಮಾಂಡ್ ಒಂದು ಬೇಕಾದಾಗ ನಾನು ಅದರ ಹೆಸರಿನ ಪ್ಯಾಕೇಜ್ ಹುಡುಕುವುದನ್ನು ಬಿಟ್ಟು, ಆ ಫೈಲ್ ಯಾವ ಪ್ಯಾಕೇಜಿನೊಳಗಿದೆ ಎಂದು ಕೇಳುತ್ತೇನೆ. ಕಮಾಂಡಿನ ಹೆಸರಿಗೂ ಪ್ಯಾಕೇಜಿನ ಹೆಸರಿಗೂ ಸಂಬಂಧ ಇರಲೇಬೇಕೆಂಬ ನಿಯಮವಿಲ್ಲ. ಐಎಫ್‌ಕಾನ್ಫಿಗ್ ಇರುವುದು ನೆಟ್-ಟೂಲ್ಸ್ ಒಳಗೆ. ಪಿಎಸ್ ಮತ್ತು ಟಾಪ್ ಇರುವುದು ಪ್ರಾಕ್‌ಪಿಎಸ್ ಒಳಗೆ. ಡಿಸ್ಟ್ರೊ ಬದಲಾದರೆ ಹೆಸರೂ ಬದಲಾಗುತ್ತದೆ: ಅದೇ ಡಿಗ್ ಫೆಡೋರಾ ಮತ್ತು ರೆಡ್ ಹ್ಯಾಟ್ ಕಡೆ ಬೈಂಡ್-ಯುಟಿಲ್ಸ್‌ನಲ್ಲಿ, ಆಲ್ಪೈನ್‌ನಲ್ಲಿ ಬೈಂಡ್-ಟೂಲ್ಸ್‌ನಲ್ಲಿ, ಆರ್ಚ್‌ನಲ್ಲಿ ಬರಿಯ ಬೈಂಡ್‌ನಲ್ಲಿ ಸಿಗುತ್ತದೆ. ಫೆಡೋರಾದ ಪ್ಯಾಕೇಜ್ ಮ್ಯಾನೇಜರ್ ಡಿಎನ್‌ಎಫ್; ಅದರ ‘ಡಿಎನ್‌ಎಫ್ ಸರ್ಚ್’ ಸಾಮಾನ್ಯವಾಗಿ ಹೆಸರು ಮತ್ತು ಕಿರು ವಿವರಣೆಯನ್ನಷ್ಟೇ ನೋಡುವುದರಿಂದ ಇಂಥ ಕಡೆ ಅದನ್ನು ನಂಬುವಂತಿಲ್ಲ. ‘ಡಿಎನ್‌ಎಫ್ ಪ್ರೊವೈಡ್ಸ್’ ಎಂದು ಕೊಟ್ಟು, ಬಿನ್ ಡೈರೆಕ್ಟರಿಯ ಹೆಸರಿಗಿಂತ ಮೊದಲು ನಕ್ಷತ್ರ ಚಿಹ್ನೆ ಹಾಕಿ, ಕಮಾಂಡಿನ ಹೆಸರು ಬರೆದರೆ ಉತ್ತರ ನೇರವಾಗಿ ಬರುತ್ತದೆ. ಆರ್ಚ್‌ನಲ್ಲಿ ಇದೇ ಕೆಲಸಕ್ಕೆ ಅಲ್ಲಿನ ಪ್ಯಾಕೇಜ್ ಮ್ಯಾನೇಜರ್ ಪ್ಯಾಕ್‌ಮ್ಯಾನ್‌ನ ದೊಡ್ಡ ಎಫ್ ಆಯ್ಕೆ ಇದೆ.

ಡೆಬಿಯನ್ ಮತ್ತು ಉಬುಂಟುವಿನಲ್ಲಿ ಈ ಕೆಲಸ ಮಾಡುವುದು ಆಪ್ಟ್-ಫೈಲ್. ಅದನ್ನು ಪ್ರತ್ಯೇಕವಾಗಿ ಹಾಕಿಕೊಂಡು, ಯಾವ ಪ್ಯಾಕೇಜಿನಲ್ಲಿ ಯಾವ ಫೈಲ್ ಇದೆ ಎಂಬ ಪಟ್ಟಿಯನ್ನು ಒಮ್ಮೆ ಇಳಿಸಿಕೊಳ್ಳಬೇಕು. ‘ಡಿಪಿಕೆಜಿ’ಯ ದೊಡ್ಡ ಎಸ್ ಆಯ್ಕೆಯೂ ಫೈಲನ್ನು ಹುಡುಕುತ್ತದೆ, ಆದರೆ ಯಂತ್ರದಲ್ಲಿ ಈಗಾಗಲೇ ಹಾಕಿರುವ ಪ್ಯಾಕೇಜ್‌ಗಳ ಒಳಗೆ ಮಾತ್ರ. ಆಪ್ಟ್-ಫೈಲ್‌ನ ನಿಜವಾದ ಬೆಲೆ ನನಗೆ ತಿಳಿದದ್ದು ಕಂಪೈಲ್ ಮಾಡುವವರ ಜೊತೆ ಕೆಲಸ ಮಾಡುವಾಗ. ಓಪನ್‌ಎಸ್‌ಎಸ್‌ಎಲ್/ಎಸ್‌ಎಸ್‌ಎಲ್.ಎಚ್ ಎಂಬ ಫೈಲ್ ಸಿಗಲಿಲ್ಲ ಎಂದು ಕಂಪೈಲರ್ ನಿಂತುಬಿಡುತ್ತದೆ. ಓಪನ್‌ಎಸ್‌ಎಸ್‌ಎಲ್ ಹಾಕಿದೆಯಲ್ಲ ಎಂದು ತಲೆ ಕೆರೆದುಕೊಳ್ಳುವ ಬದಲು, ದೋಷದ ಸಂದೇಶದಲ್ಲಿರುವ ಆ ಫೈಲಿನ ಹೆಸರನ್ನೇ ಆಪ್ಟ್-ಫೈಲ್‌ಗೆ ಕೊಟ್ಟರೆ, ಬೇಕಾದದ್ದು ಕಂಪೈಲ್ ಮಾಡಲು ಬೇಕಾಗುವ ಫೈಲ್‌ಗಳಿರುವ ಬೇರೆ ಪ್ಯಾಕೇಜ್, ಲಿಬ್‌ಎಸ್‌ಎಸ್‌ಎಲ್-ಡೆವ್ ಎಂದು ಗೊತ್ತಾಗುತ್ತದೆ. ಫೆಡೋರಾದಲ್ಲಿ ಅದರ ಹೆಸರು ಓಪನ್‌ಎಸ್‌ಎಸ್‌ಎಲ್-ಡೆವೆಲ್. ಎರಡರ ನಡುವೆ ಓಡಾಡುವವರಿಗೆ ಈ ಡೆವ್ ಮತ್ತು ಡೆವೆಲ್‌ಗಳ ಗೊಂದಲ ತಪ್ಪಿದ್ದಲ್ಲ.

ಖಾಲಿ ಉತ್ತರ ಇನ್ನೊಂದು ರೀತಿಯಲ್ಲೂ ದಾರಿ ತಪ್ಪಿಸುತ್ತದೆ. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ್ದ ಸಹೋದ್ಯೋಗಿಯೊಬ್ಬರು ಡೆಬಿಯನ್ ಕಂಟೇನರ್ (ಯಂತ್ರದೊಳಗೆ ಪ್ರತ್ಯೇಕವಾಗಿ ಓಡುವ ಪುಟ್ಟ ವ್ಯವಸ್ಥೆ) ಒಂದರೊಳಗೆ ಕುಳಿತು, ಜಾಲದಿಂದ ಮಾಹಿತಿ ತರುವ ಕರ್ಲ್ ಕೂಡ ಸಿಗುತ್ತಿಲ್ಲ ಎಂದು ನನ್ನನ್ನು ಕರೆದರು. ತೆರೆಯಲ್ಲಿ ಸಾರ್ಟಿಂಗ್ ಮುಗಿಯಿತು, ಫುಲ್ ಟೆಕ್ಸ್ಟ್ ಸರ್ಚ್ ಮುಗಿಯಿತು ಎಂಬ ಎರಡು ಸಾಲುಗಳಿದ್ದವು, ಅವುಗಳ ಕೆಳಗೆ ಏನೂ ಇರಲಿಲ್ಲ. ದೋಷವಿಲ್ಲ, ಎಚ್ಚರಿಕೆಯಿಲ್ಲ. ಆಪ್ಟ್ ಸರ್ಚ್ ಇಂಟರ್‌ನೆಟ್‌ನಲ್ಲಿ ಹುಡುಕುವುದಿಲ್ಲ. ಹಿಂದೊಮ್ಮೆ ‘ಆಪ್ಟ್ ಅಪ್‌ಡೇಟ್’ ಇಳಿಸಿಟ್ಟ ಸೂಚಿಯ ಸ್ಥಳೀಯ ಪ್ರತಿಯಲ್ಲಿ ಹುಡುಕುತ್ತದೆ. ಗಾತ್ರ ಕಡಿಮೆ ಮಾಡಲೆಂದು ಕಂಟೇನರ್ ಇಮೇಜ್‌ಗಳಲ್ಲಿ ಆ ಸೂಚಿಯನ್ನು ಅಳಿಸಿರುತ್ತಾರೆ. ಆಗ ಆಪ್ಟ್‌ಗೆ ಗೊತ್ತಿರುವುದು ಆ ಕಂಟೇನರ್‌ನಲ್ಲಿ ಈಗಾಗಲೇ ಇರುವ ಪ್ಯಾಕೇಜ್‌ಗಳು ಮಾತ್ರ. ಡೆಬಿಯನ್ 12 ಬಿಡುಗಡೆಯಾದಾಗ ಅದರಲ್ಲಿ ಒಟ್ಟು 64,419 ಪ್ಯಾಕೇಜ್‌ಗಳಿದ್ದವು. ಅವುಗಳಲ್ಲಿ ಬಹುಪಾಲು ಇಲ್ಲವೇ ಇಲ್ಲ ಎಂಬಂತೆ ಆ ಕಂಟೇನರ್ ತಣ್ಣಗೆ ಉತ್ತರಿಸುತ್ತಿತ್ತು. ಒಮ್ಮೆ ಆಪ್ಟ್ ಅಪ್‌ಡೇಟ್ ಕೊಟ್ಟ ಮೇಲೆ ಕರ್ಲ್ ಪ್ರತ್ಯಕ್ಷವಾಯಿತು. ಇದೇ ಜಾತಿಯ ಇನ್ನೊಂದು ಪ್ರಸಂಗವೆಂದರೆ ಯಂತ್ರದಲ್ಲಿ ಓಡುತ್ತಿರುವ ಕೆಲಸಗಳನ್ನು ತೋರಿಸುವ ಎಚ್‌ಟಾಪ್ ಅನ್ನು ರೆಡ್ ಹ್ಯಾಟ್ ಸರ್ವರ್‌ಗಳಲ್ಲಿ ಹುಡುಕುವುದು: ಅದು ಇರುವುದು ಎಪೆಲ್ ಎಂಬ ಹೆಚ್ಚುವರಿ ರೆಪೊಸಿಟರಿಯಲ್ಲಿ (ಪ್ಯಾಕೇಜ್‌ಗಳ ಸಂಗ್ರಹದಲ್ಲಿ), ಆ ರೆಪೊಸಿಟರಿಯನ್ನು ಸೇರಿಸುವ ತನಕ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಸಿಕ್ಕಿತು ಎನ್ನುವುದನ್ನೂ ಸುಮ್ಮನೆ ನಂಬಬಾರದು. ಹಿಂದಿನ ಡೆಬಿಯನ್ ಆವೃತ್ತಿಗಳಲ್ಲಿ ‘ನೋಡ್’ ಎಂಬ ಪ್ಯಾಕೇಜ್ ಹಾಕಿದವರಿಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಬದಲು ಹವ್ಯಾಸಿ ರೇಡಿಯೊದವರ ತಂತ್ರಾಂಶವೊಂದು ಸಿಗುತ್ತಿತ್ತು. ಜಾವಾಸ್ಕ್ರಿಪ್ಟ್‌ನದು ಅಲ್ಲಿ ನೋಡ್‌ಜೆಎಸ್ ಎಂಬ ಹೆಸರಿನಲ್ಲಿತ್ತು. ಅದು ನಿರುಪದ್ರವಿ ಗೊಂದಲ. ಯಾರು ಬೇಕಾದರೂ ಪ್ಯಾಕೇಜ್ ಸೇರಿಸಬಹುದಾದ ಕಡೆ ಹಾಗಲ್ಲ. 2017ರಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಸಂಗ್ರಹವಾದ ಎನ್‌ಪಿಎಂನಲ್ಲಿ ಕ್ರಾಸ್-ಎನ್ವ್ ಎಂಬ ಜನಪ್ರಿಯ ಪ್ಯಾಕೇಜಿನ ಹೆಸರಿನಿಂದ ನಡುವಿನ ಅಡ್ಡಗೆರೆಯನ್ನಷ್ಟೇ ತೆಗೆದು, ಕ್ರಾಸ್‌ಎನ್ವ್ ಎಂಬ ಇನ್ನೊಂದನ್ನು ಯಾರೋ ಹಾಕಿದ್ದರು; ಹಾಕಿಕೊಂಡವರ ಯಂತ್ರದ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು (ಪ್ರೋಗ್ರಾಂಗಳು ಓದಲೆಂದು ಇಟ್ಟ ಮೌಲ್ಯಗಳನ್ನು) ಅದು ಹೊರಗೆ ಕಳಿಸುತ್ತಿತ್ತು. ಪಾಸ್‌ವರ್ಡ್‌ಗಳನ್ನು ಅಲ್ಲೇ ಇಡುವವರು ಎಷ್ಟು ಮಂದಿ ಎಂಬುದು ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತು. ಹಾಗಾಗಿ ‘ಆಪ್ಟ್ ಶೋ’ ಅಥವಾ ‘ಎನ್‌ಪಿಎಂ ವ್ಯೂ’ ಕೊಟ್ಟು, ಪೂರ್ತಿ ವಿವರಣೆ, ಮೂಲ ಜಾಲತಾಣದ ವಿಳಾಸ ಮತ್ತು ಆವೃತ್ತಿಯನ್ನು ಓದಿದ ಮೇಲೆಯೇ ಹಾಕುವುದು ನನ್ನ ರೂಢಿ. ಪೈಥಾನ್ ಕಡೆ ಟರ್ಮಿನಲ್‌ನಿಂದ ಹುಡುಕುವ ಸೌಲಭ್ಯವೇ ಈಗ ಇಲ್ಲ: 2020ರ ಡಿಸೆಂಬರ್‌ನಲ್ಲಿ ವಿಪರೀತ ಹೊರೆಯಿಂದಾಗಿ ಪೈಥಾನ್ ಪ್ಯಾಕೇಜ್‌ಗಳ ಸಂಗ್ರಹವಾದ ಪೈಪಿಐ ಅದನ್ನು ನಿಲ್ಲಿಸಿತು, ಮತ್ತೆ ಆರಂಭಿಸಲಿಲ್ಲ. ‘ಪಿಪ್ ಸರ್ಚ್’ ಕೊಟ್ಟರೆ ಬ್ರೌಸರ್‌ನಲ್ಲಿ ಹುಡುಕಿ ಎಂಬ ಸಂದೇಶ ಬರುತ್ತದೆ.

ನನ್ನ ಕೈಯಾರೆ ಕಟ್ಟಿದ ಆ ಬೈಂಡ್ ಅನ್ನು ಪರಿಶೀಲನೆಯ ಮರುದಿನವೇ ಅಳಿಸಿ, ಸರಿಯಾದ ಪ್ಯಾಕೇಜ್ ಹಾಕಿದೆವು. ಡಿಗ್ ಎಂದು ಬರೆದು ಎಂಟರ್ ಒತ್ತಿದರೆ, ಅಂಥ ಫೈಲ್ ಇಲ್ಲ ಎಂದಿತು. ಪ್ಯಾಕೇಜೂ ಕೈಕೊಟ್ಟಿತೆಂದು ನಾನು ಮತ್ತೆ ಕಂಗಾಲಾಗುವಷ್ಟರಲ್ಲಿ ಹಿರಿಯರು ಸಂದೇಶವನ್ನು ಪೂರ್ತಿ ಓದಲು ಹೇಳಿದರು. ಅದರಲ್ಲಿದ್ದದ್ದು ಯುಎಸ್‌ಆರ್/ಲೋಕಲ್ ಎಂಬ ಹಳೆಯ ದಾರಿ. ನಾವು ಬರೆದ ಕಮಾಂಡ್‌ಗಳನ್ನು ಓಡಿಸುವ ಬ್ಯಾಶ್ ಶೆಲ್ ಒಮ್ಮೆ ಕಂಡ ಕಮಾಂಡ್ ಎಲ್ಲಿದೆ ಎಂಬುದನ್ನು ನೆನಪಿಟ್ಟುಕೊಳ್ಳುತ್ತದೆ, ಹಾಗಾಗಿ ಅದು ನಾವು ಅಳಿಸಿದ ಜಾಗಕ್ಕೇ ಹೋಗಿ ನೋಡಿ ಬಂದಿತ್ತು. ‘ಹ್ಯಾಶ್’ ಕಮಾಂಡನ್ನು ಆರ್ ಆಯ್ಕೆಯೊಂದಿಗೆ ಕೊಟ್ಟು ಆ ನೆನಪನ್ನು ಅಳಿಸಿದ ಮೇಲೆ ಡಿಗ್ ಮೊದಲ ಸಲ ಪ್ಯಾಕೇಜಿನಿಂದ ಓಡಿತು.